ಕೆಟ್ಟ ಸುದ್ದಿಗೆ ಕಿವಿಗೊಡುವ ಹೊಣೆ

ಕಾರ್ಖಾನೆಗಳಲ್ಲಿಯೂ ಕಟ್ಟಡದ ಕಾಮಗಾರಿಗಳಲ್ಲಿಯೂ ಗೋದಾಮುಗಳಲ್ಲಿಯೂ ಹತ್ತಾರು ಜನರಿಂದ ಕೆಲಸ ಮಾಡಿಸುವ ಹೊಣೆಯನ್ನು ಹೊತ್ತ ಓದುಗರು ಈ ಅಂಕಣಕ್ಕೆ ಬರೆಯುವ ಪತ್ರಗಳಲ್ಲಿ ಒಂದು ಪ್ರಶ್ನೆ ಬೇರೆ ಬೇರೆ ಮಾತುಗಳಲ್ಲಿ ಮೇಲಿಂದ ಮೇಲೆ ಬರುತ್ತಿರುತ್ತದೆ. ಹೆಲ್ಮೆಟ್ ಕೊಟ್ಟಿದ್ದೇವೆ, ಕೈಗವಸು ಕೊಟ್ಟಿದ್ದೇವೆ, ಗೋಡೆಗೋಡೆಗೂ ಸೂಚನೆಗಳನ್ನು ಬರೆಸಿದ್ದೇವೆ, ಪ್ರತಿವರ್ಷವೂ ಮಾರ್ಚ್ 4ರಂದು ರಾಷ್ಟ್ರೀಯ ಸುರಕ್ಷತಾ ದಿನದ ಪ್ರತಿಜ್ಞೆಯನ್ನು ಎಲ್ಲರಿಂದಲೂ ಮಾಡಿಸುತ್ತೇವೆ, ಆದರೂ ಕೆಲಸಗಾರರು ನಮ್ಮ ಮಾತನ್ನು ಕೇಳುವುದಿಲ್ಲ, ಇನ್ನೇನು ಮಾಡತಕ್ಕದ್ದು? ಪ್ರಶ್ನೆಯನ್ನು ಕೇಳುವವರ ಕಳಕಳಿಯ ವಿಷಯದಲ್ಲಿ ನನಗೆ ಸಂದೇಹವಿಲ್ಲ. ತಮ್ಮ ಕೈಕೆಳಗಿನವನೊಬ್ಬನು ಬೆರಳನ್ನೋ ಪ್ರಾಣವನ್ನೋ ಕಳೆದುಕೊಂಡು ಮನೆಗೆ ಹೋಗಲೆಂದು ಬಯಸುವ ಮೇಲ್ವಿಚಾರಕನನ್ನು ನಾನು ಕಂಡಿಲ್ಲ. ಆದರೆ ಈ ಪ್ರಶ್ನೆಯಲ್ಲಿ, ಅಪಾಯವನ್ನು ಬಲ್ಲವನು ಮೇಲಿದ್ದಾನೆ, ಅರಿಯದವನು ಕೆಳಗಿದ್ದಾನೆ, ಆದಕಾರಣ ಮಾತು ಮೇಲಿನಿಂದ ಕೆಳಕ್ಕೆ ಹರಿದರೆ ಸಾಕು ಎಂಬ ಒಂದು ಪೂರ್ವಕಲ್ಪನೆ ಅಡಗಿದೆ. ಮತ್ತು ಬಹುಪಾಲು ದೊಡ್ಡ ಅಪಘಾತಗಳ ಚರಿತ್ರೆಯನ್ನು ಓದಿದವರಿಗೆ ತಿಳಿದಿರುವಂತೆ, ಈ ಕಲ್ಪನೆಯೇ ಅನರ್ಥಕ್ಕೆ ಎಡೆಮಾಡಿದ ಸಂದರ್ಭಗಳು ಒಂದೆರಡಲ್ಲ. ಅಪಾಯದ ಮೊದಲ ಸುಳಿವು ಹೊಳೆಯುವುದು ಯಂತ್ರದ ಮುಂದೆ ನಿಂತವನಿಗೆ. ಆ ಸುಳಿವು ಮೇಲಕ್ಕೆ ಬರುವ ಹಾದಿಯನ್ನು ತೆರೆದಿಡುವುದೇ ಮೇಲ್ವಿಚಾರಕನ ಹಾಗೂ ಮ್ಯಾನೇಜರನ ಸುರಕ್ಷತಾ ಕಾರ್ಯಗಳಲ್ಲಿ ಮೊದಲನೆಯದೆಂಬುದು ನನ್ನ ದೃಢವಾದ ಅಭಿಪ್ರಾಯ.

ಪವರ್ ಪ್ರೆಸ್ಸಿನ ಉದಾಹರಣೆಯನ್ನೇ ತೆಗೆದುಕೊಳ್ಳೋಣ. ಬೆಂಗಳೂರಿನ ಪೀಣ್ಯದಂತಹ ಪ್ರದೇಶಗಳ ಸಣ್ಣ ಕಾರ್ಖಾನೆಗಳನ್ನು ಹೊಕ್ಕವರು, ತಗಡನ್ನು ಡೈ ಮೇಲಿರಿಸಿದೊಡನೆ ಮೇಲಿನಿಂದ ಬಡಿದು ಅದಕ್ಕೆ ಆಕಾರವನ್ನೋ ರಂಧ್ರವನ್ನೋ ಕೊಡುವ ಈ ಯಂತ್ರವನ್ನು ಕಂಡೇ ಇರುತ್ತಾರೆ. ಕೈ ಅದರ ಬಾಯಿಯಲ್ಲಿರುವಾಗ ಯಂತ್ರ ಬಡಿಯದಿರಲೆಂದು ಎರಡು ಗುಂಡಿಗಳನ್ನು ದೂರದೂರದಲ್ಲಿಟ್ಟು, ಎರಡೂ ಅಂಗೈಗಳಿಂದ ಏಕಕಾಲಕ್ಕೆ ಒತ್ತಿದರೆ ಮಾತ್ರ ಚಲಿಸುವಂತೆ ಅದನ್ನು ಏರ್ಪಡಿಸಿರುತ್ತಾರೆ. ಹಾಗಿದ್ದೂ ಒಂದು ಗುಂಡಿಗೆ ಟೇಪು ಸುತ್ತಿ ಸದಾ ಒತ್ತಿದಂತೆಯೇ ಇರುವಂತೆ ಮಾಡಿಕೊಂಡು, ಒಂದು ಕೈಯಿಂದ ಒತ್ತುತ್ತ ಇನ್ನೊಂದು ಕೈಯಿಂದ ತಗಡನ್ನು ಒಳಗಿಡುವವರನ್ನು ನಾನು ಅನೇಕ ಕಡೆ ಕಂಡಿದ್ದೇನೆ. ಇದನ್ನು ಕಂಡವರು ಕೆಲಸಗಾರನ ಉದಾಸೀನವೆಂದು ಬರೆದುಕೊಂಡು ಮುಂದೆ ಹೋಗುತ್ತಾರೆ. ಆದರೆ ಅವನ ಬಳಿ ಹತ್ತು ನಿಮಿಷ ನಿಂತು ನೋಡಿದರೆ ಬೇರೆಯ ಸಂಗತಿ ತಿಳಿಯುತ್ತದೆ: ಎರಡೂ ಕೈಗಳಿಂದ ಒತ್ತಿದರೆ ಸಂಜೆಯೊಳಗೆ ಮುಗಿಸಬೇಕೆಂದು ಗೊತ್ತುಮಾಡಿದ ಸಂಖ್ಯೆ ಮುಗಿಯುವುದಿಲ್ಲ, ಸಂಖ್ಯೆಯನ್ನು ಗೊತ್ತುಮಾಡಿದವನು ಅವನಲ್ಲ, ಟೇಪನ್ನು ಬೆಳಗ್ಗೆಯಿಂದ ನೋಡಿಯೂ ಸುಮ್ಮನಿದ್ದ ಮೇಲ್ವಿಚಾರಕನು ಸಂಜೆ ಬಂದು ಕೇಳುವ ಏಕೈಕ ಪ್ರಶ್ನೆ ‘ಎಷ್ಟಾಯಿತು’ ಎಂಬುದು. ಗೋಡೆಯ ಮೇಲಿನ ಬರಹವನ್ನು ಕೆಲಸಗಾರನು ಓದುತ್ತಾನೋ ಇಲ್ಲವೋ, ಮೇಲ್ವಿಚಾರಕನ ಕಣ್ಣು ಎಲ್ಲಿ ನೆಡುತ್ತದೆಂಬುದನ್ನು ಮಾತ್ರ ತಪ್ಪದೆ ಓದುತ್ತಾನೆ.

ಇದೇ ಯಂತ್ರದ ಇನ್ನೊಂದು ದೋಷವನ್ನು ಹೇಳಿದರೆ ನನ್ನ ಮಾತು ಮತ್ತಷ್ಟು ಸ್ಪಷ್ಟವಾದೀತು. ಹಳೆಯ ಮಾದರಿಯ ಪ್ರೆಸ್ಸುಗಳಲ್ಲಿ ಕ್ಲಚ್ಚಿನ ಕೀ ಸವೆದರೆ, ಅಥವಾ ಬ್ರೇಕಿನ ಪಟ್ಟಿ ಎಣ್ಣೆ ಕುಡಿದು ಜಾರತೊಡಗಿದರೆ, ಒಮ್ಮೆ ಒತ್ತಿದ್ದಕ್ಕೆ ಯಂತ್ರ ಎರಡನೆಯ ಬಾರಿಯೂ ತಾನಾಗಿಯೇ ಬಡಿಯುವುದುಂಟು. ತಯಾರಾದ ತುಂಡನ್ನು ತೆಗೆಯಲು ಕೈ ಒಳಗೆ ಹೋದ ಕ್ಷಣದಲ್ಲಿಯೇ ಅದು ಬಡಿಯುವುದರಿಂದ ಇದರಷ್ಟು ಘೋರವಾದ ದೋಷ ಇನ್ನೊಂದಿಲ್ಲ. ಆದರೆ ಇಂತಹ ದೋಷ ಬಹುಮಟ್ಟಿಗೆ ಹೇಳದೆ ಬರುವಂತಹುದಲ್ಲ. ಅದಕ್ಕೆ ಮೊದಲು ಯಂತ್ರ ಮೇಲುಗಡೆ ನಿಲ್ಲಬೇಕಾದ ಸ್ಥಾನದಲ್ಲಿ ನಿಲ್ಲದೆ ಕೊಂಚ ಕೆಳಗಿಳಿದು ನಿಲ್ಲುತ್ತದೆ, ಸದ್ದು ಬದಲಾಗುತ್ತದೆ. ಈ ಬದಲಾವಣೆಯನ್ನು ಗುರುತಿಸುವವನು ದಿನವೆಲ್ಲ ಅದರ ಮುಂದೆ ಕುಳಿತವನೇ ಹೊರತು ಕಚೇರಿಯಲ್ಲಿರುವ ಎಂಜಿನಿಯರನಲ್ಲ.

ನಾನು ಬಲ್ಲ ಒಂದು ಪ್ರೆಸ್ ಶಾಪಿನ ಫೋರ್‌ಮನ್ನರ ನಡತೆಯನ್ನು ಇಲ್ಲಿ ನೆನೆಯದೆ ಇರಲಾರೆ. ಅವರಲ್ಲಿ ಹೊಸದಾಗಿ ಸೇರಿದ್ದ ಹೆಲ್ಪರ್ ಹುಡುಗನೊಬ್ಬನು ಒಂದು ದಿನ ಅವಸರದ ಆರ್ಡರಿನ ನಡುವೆ ಅಳುಕುತ್ತ ಬಂದು, “ಸಾರ್, ಮಿಷಿನ್ ಮೇಲೆ ನಿಲ್ತಾ ಇಲ್ಲ, ಒಂಚೂರು ಕೆಳಗೆ ಬರ್ತಾ ಇದೆ” ಎಂದನು. ಅವರು ಮರುಮಾತಿಲ್ಲದೆ ಪ್ರೆಸ್ಸನ್ನು ನಿಲ್ಲಿಸಿ ಫಿಟ್ಟರನ್ನು ಕರೆಸಿದರು. ಬಿಚ್ಚಿ ನೋಡಿದರೆ ಕೀ ನೆಟ್ಟಗಿತ್ತು, ಬ್ರೇಕೂ ನೆಟ್ಟಗಿತ್ತು. ಅಷ್ಟರಲ್ಲಿ ಬಹಳ ಹೊತ್ತಿನ ಕೆಲಸ ನಿಂತಿತ್ತು. ಸುತ್ತಲಿನವರು ಹುಡುಗನನ್ನು ನೋಡಿ ನಗತೊಡಗಿದ್ದರು. ಫೋರ್‌ಮನ್ನರು ಎಲ್ಲರ ಎದುರಿಗೇ ಅವನ ಹೆಗಲ ಮೇಲೆ ಕೈಯಿರಿಸಿ, “ಒಳ್ಳೇದು ಮಾಡಿದೆ ಕಣಪ್ಪ, ಮತ್ತೆ ಅನುಮಾನ ಬಂದ್ರೆ ಮತ್ತೆ ಹೇಳು” ಎಂದರು. ಹುಡುಗನಿಗಿಂತಲೂ ಹೆಚ್ಚಾಗಿ ಆ ಮಾತನ್ನು ಕೇಳಿಸಿಕೊಂಡವರು ಉಳಿದವರು. ಕೆಲವು ವಾರಗಳ ತರುವಾಯ, ಎಂದೂ ಯಾವುದನ್ನೂ ಬಾಯಿಬಿಟ್ಟು ಹೇಳದ ಹಿರಿಯ ಆಪರೇಟರೊಬ್ಬರು ತಾವಾಗಿಯೇ ಬಂದು, ಡೈಗಳನ್ನು ಎತ್ತುವ ಹಾಯ್ಸ್ಟಿನ ತಂತಿಹಗ್ಗದಲ್ಲಿ ಎಳೆಗಳು ಬಿಚ್ಚಿಕೊಂಡಿರುವುದನ್ನು ತೋರಿಸಿದರು. ನಿಜವಾದ ಎಚ್ಚರಿಕೆಯನ್ನು ತಂದವನನ್ನು ಯಾವ ಅಧಿಕಾರಿಯೂ ಹೊಗಳಿಯಾನು; ಹುಸಿಯಾದ ಎಚ್ಚರಿಕೆಯನ್ನು ತಂದವನನ್ನು ಆತ ಹೇಗೆ ನಡೆಸಿಕೊಂಡನೆಂಬುದರ ಮೇಲೆಯೇ ಮುಂದಿನ ನಿಜವಾದ ಎಚ್ಚರಿಕೆ ಅವನವರೆಗೆ ತಲುಪುವುದೂ ತಲುಪದಿರುವುದೂ ನಿಂತಿದೆ.

ಸುರಕ್ಷತೆಯ ತರಬೇತಿಗಳಲ್ಲಿ ಇಂದಿಗೂ ಹೇಳಿಕೊಡುವ ಒಂದು ಲೆಕ್ಕವಿದೆ. ಅಮೆರಿಕದ ವಿಮಾ ಕಂಪನಿಯೊಂದರಲ್ಲಿದ್ದ ಹೈನ್ರಿಕ್ ಎಂಬಾತನು 1931ರಲ್ಲಿ ಪ್ರಕಟಿಸಿದ ಗ್ರಂಥದಲ್ಲಿ, ಒಂದು ಗಂಭೀರವಾದ ಗಾಯಕ್ಕೆ 29 ಲಘು ಗಾಯಗಳೂ ಗಾಯವಾಗದೆ ಕೂದಲೆಳೆಯಲ್ಲಿ ತಪ್ಪಿದ 300 ಸಂದರ್ಭಗಳೂ ಇರುತ್ತವೆಂದು ಹೇಳಿದನು. ಸಂಖ್ಯೆಗಳನ್ನು ಮುಂದಿನ ವಿದ್ವಾಂಸರು ಬಹುವಾಗಿ ಪ್ರಶ್ನಿಸಿದ್ದಾರಾದರೂ, ತಪ್ಪಿಹೋದ ಅಪಘಾತಗಳನ್ನು ಬರೆದಿಡುವ ಪದ್ಧತಿಗೆ ಅದು ಪ್ರೇರಣೆಯಾದದ್ದು ಉಪಕಾರವೇ ಸರಿ. ಆದರೆ ಅದೇ ಗ್ರಂಥದ ಇನ್ನೊಂದು ಅಂಕಿ, ಅಂದರೆ ಅಪಘಾತಗಳಲ್ಲಿ ನೂರಕ್ಕೆ 88 ಪಾಲು ಕೆಲಸಗಾರರ ಅಸುರಕ್ಷಿತ ವರ್ತನೆಯಿಂದ ಆಗುತ್ತವೆಂಬ ಮಾತು, ನಮ್ಮ ಕಾರ್ಖಾನೆಗಳಿಗೆ ಮಾಡಿದ ಅಪಕಾರ ಸಣ್ಣದಲ್ಲ. ಆತನು ಆ ನಿರ್ಣಯಕ್ಕೆ ಬಂದದ್ದು ವಿಮೆಯ ಕಡತಗಳನ್ನೂ ಕಾರ್ಖಾನೆಗಳ ಒಡೆಯರು ಇಟ್ಟಿದ್ದ ದಾಖಲೆಗಳನ್ನೂ ಓದಿ. ವರದಿಯನ್ನು ಬರೆದವರು ಮೇಲಿನವರು. ಗಾಯಗೊಂಡವನು ಆಸ್ಪತ್ರೆಯಲ್ಲಿ ಮಲಗಿದವನು. ‘ಅಜಾಗರೂಕತೆಯಿಂದ’ ಎಂಬ ಒಂದು ಪದವನ್ನು ಬರೆದು ವರದಿಯನ್ನು ಮುಗಿಸುವುದು ಎಷ್ಟು ಸುಲಭವೆಂಬುದನ್ನು ಅಂತಹ ವರದಿಗಳನ್ನು ರಾಶಿರಾಶಿಯಾಗಿ ಓದಿರುವ ನಾನು ಬಲ್ಲೆ. ಆ ಪದವಿರುವ ವರದಿಯಲ್ಲಿ ಗುಂಡಿಗೆ ಸುತ್ತಿದ ಟೇಪಿನ ಕಾರಣವಾಗಲಿ ಸಂಜೆಯ ಸಂಖ್ಯೆಯಾಗಲಿ ಕಾಣಸಿಗುವುದು ಅಪರೂಪ.

ಹಾಗಾದರೆ ಮೇಲಧಿಕಾರಿಗಳು ಕೆಲಸದ ಸ್ಥಳಕ್ಕೆ ಹೋಗಿ ಕಣ್ಣಾರೆ ನೋಡಿದರೆ ಸಾಲದೇ ಎಂದು ಕೇಳಬಹುದು. ಹೋಗಲೇಬೇಕು, ಆದರೆ ಹೋಗಿ ಏನನ್ನು ಕೇಳುತ್ತಾರೆಂಬುದು ಹೋದರೆಂಬುದಕ್ಕಿಂತ ಮುಖ್ಯ. ಇದಕ್ಕೆ ನಾನು ಬಲ್ಲವುಗಳಲ್ಲೆಲ್ಲ ಮನಕಲಕುವ ನಿದರ್ಶನ ಮೆಕ್ಸಿಕೋ ಕೊಲ್ಲಿಯಲ್ಲಿ ತೇಲುತ್ತ ಸಮುದ್ರತಳದಲ್ಲಿ ತೈಲಬಾವಿಯನ್ನು ಕೊರೆಯುತ್ತಿದ್ದ ‘ಡೀಪ್‌ವಾಟರ್ ಹೊರೈಜನ್’ ಎಂಬ ವೇದಿಕೆಯದು. 2010ನೆಯ ಇಸವಿ ಏಪ್ರಿಲ್ 20ರ ಮಧ್ಯಾಹ್ನ ನಾಲ್ವರು ಹಿರಿಯ ಅಧಿಕಾರಿಗಳು ಹೆಲಿಕಾಪ್ಟರಿನಲ್ಲಿ ಅಲ್ಲಿಗೆ ಬಂದಿಳಿದರು. ಇಬ್ಬರು ಬಾವಿಯನ್ನು ಕೊರೆಸುತ್ತಿದ್ದ ಬಿ.ಪಿ. ಸಂಸ್ಥೆಯವರು, ಇಬ್ಬರು ವೇದಿಕೆಯ ಒಡೆತನದ ಟ್ರಾನ್ಸ್‌ಓಷನ್ ಸಂಸ್ಥೆಯವರು. ಗಾಯದಿಂದ ಒಂದು ದಿನದ ಕೆಲಸವೂ ನಷ್ಟವಾಗದೆ ಏಳು ವರ್ಷ ನಡೆದ ವೇದಿಕೆಯೆಂಬ ಖ್ಯಾತಿ ಅದಕ್ಕಿತ್ತು. ಅಲ್ಲಿನವರನ್ನು ಅಭಿನಂದಿಸುವುದೂ ಬಂದವರ ಉದ್ದೇಶಗಳಲ್ಲಿ ಒಂದಾಗಿತ್ತು. ಅವರು ನಡೆದಾಡಿ ನೋಡಿದರು. ಜಾರಿಬೀಳುವುದು, ಕೈಗೆ ಪೆಟ್ಟಾಗುವುದು ಮೊದಲಾದ ಅಪಾಯಗಳ ಬಗೆಗೆ ಶ್ರದ್ಧೆಯಿಂದ ಮಾತನಾಡಿದರು.

ಅದೇ ವೇಳೆಗೆ ಕೊರೆಯುವ ಕಟ್ಟೆಯ ಮೇಲೆ ಒಂದು ಪರೀಕ್ಷೆ ನಡೆದಿತ್ತು. ಬಾವಿಯ ತಳದಲ್ಲಿ ಹಾಕಿದ ಸಿಮೆಂಟು ಅದನ್ನು ಭದ್ರವಾಗಿ ಮುಚ್ಚಿದೆಯೇ ಎಂಬುದನ್ನು ತಿಳಿಯಲು, ಮೇಲಿನ ಒತ್ತಡವನ್ನು ಬೇಕೆಂದೇ ಇಳಿಸಿ, ಒಳಗಿನಿಂದ ಏನಾದರೂ ಉಕ್ಕಿಬರುತ್ತದೆಯೋ ಎಂದು ನೋಡುವ ಪರೀಕ್ಷೆ ಅದು. ಶೂನ್ಯವಿರಬೇಕಾಗಿದ್ದ ಒಂದು ಕೊಳವೆಯಲ್ಲಿ ಒತ್ತಡ ಪ್ರತಿ ಚದರ ಅಂಗುಲಕ್ಕೆ 1,400 ಪೌಂಡಿನಷ್ಟು ಏರಿ ನಿಂತಿತ್ತು, ಇನ್ನೊಂದರಲ್ಲಿ ಶೂನ್ಯವಿತ್ತು. ಅಲ್ಲಿದ್ದವರು ಮೊದಲನೆಯದಕ್ಕೆ ಒಂದು ಸಮಾಧಾನವನ್ನು ಕಲ್ಪಿಸಿಕೊಂಡು ಎರಡನೆಯದನ್ನು ನಂಬಿದರು. ಆ ಕಟ್ಟೆಯ ಮೇಲಿನ ಕೊಠಡಿಯಲ್ಲಿ ಏನೋ ಗೊಂದಲವಿರುವುದು ಅಧಿಕಾರಿಗಳಿಗೂ ಕಂಡಿತ್ತು; ಕೆಲಸಕ್ಕೆ ಅಡ್ಡಿಯಾಗಬಾರದೆಂಬ ಸೌಜನ್ಯದಿಂದ ಅವರು ಅಲ್ಲಿಂದ ಸರಿದರು. ತರುವಾಯ ಒಬ್ಬರು ಪರೀಕ್ಷೆ ಹೇಗಾಯಿತೆಂದು ಕೇಳಿದಾಗ ಸಿಕ್ಕ ಉತ್ತರ ಮೇಲೆತ್ತಿದ ಹೆಬ್ಬೆರಳು. ಆ ರಾತ್ರಿ ಹತ್ತು ಗಂಟೆಯಾಗುವ ಮೊದಲೇ ಬಾವಿ ಸಿಡಿದು 11 ಮಂದಿ ಅಸುನೀಗಿದರು. ಮುಂದೆ 87 ದಿನ ಸಮುದ್ರಕ್ಕೆ ತೈಲ ಹರಿಯಿತು.

ಆ ನಾಲ್ವರಲ್ಲಿ ಕೊರೆಯುವ ವಿದ್ಯೆಯನ್ನು ಬಲ್ಲವರಿದ್ದರೆಂಬುದನ್ನೂ ಅವರು ನಿರ್ಲಕ್ಷ್ಯದ ಜನರಲ್ಲವೆಂಬುದನ್ನೂ ಮರೆಯಬಾರದು. ‘ಹೇಗಾಯಿತು’ ಎಂದು ಕೇಳುವ ಬದಲು ‘ಎರಡು ಕೊಳವೆಗಳ ಅಂಕಿಗಳನ್ನು ತೋರಿಸಿ, ಬೇರೆಬೇರೆ ಏಕಿವೆ ಹೇಳಿ’ ಎಂದು ಕೇಳಿದ್ದರೆ ಆ ರಾತ್ರಿ ಬೇರೆಯಾಗಿರಲಿಕ್ಕೆ ಸಾಕು. ‘ಎಲ್ಲಾ ಸರಿ ಇದೆಯಾ?’ ಎಂಬ ಪ್ರಶ್ನೆಯನ್ನು ನಮ್ಮ ಶಾಪ್‌ಫ್ಲೋರುಗಳಲ್ಲಿ ದಿನವೂ ಕೇಳುತ್ತೇವೆ. ‘ಹೂಂ ಸಾರ್’ ಎಂಬ ಉತ್ತರವನ್ನು ದಿನವೂ ಪಡೆಯುತ್ತೇವೆ. ಸಂತೈಸುವ ಉತ್ತರವನ್ನು ಬೇಡುವ ಪ್ರಶ್ನೆಗೆ ಸಂತೈಸುವ ಉತ್ತರವೇ ಬರುವುದು ಸಹಜ. ನಿನ್ನೆಗೂ ಇಂದಿಗೂ ಏನು ವ್ಯತ್ಯಾಸವಾಗಿದೆ, ಇಂದಿನ ಕೆಲಸದಲ್ಲಿ ನಿನಗೆ ಕೈನಡುಗಿಸುವ ಭಾಗ ಯಾವುದು, ಈ ಗಾರ್ಡನ್ನು ತೆಗೆದದ್ದು ಯಾವ ತೊಂದರೆಯಿಂದ, ತೋರಿಸು ನೋಡೋಣ ಎಂದು ಕೇಳುವವನಿಗೆ ಮಾತ್ರ ಬೇರೆಯ ಉತ್ತರ ದೊರಕೀತು. ಅದೂ ಮೊದಲ ದಿನವೇ ಅಲ್ಲ.

ಅದೇ ಬಿ.ಪಿ. ಸಂಸ್ಥೆಯ ಟೆಕ್ಸಾಸ್ ಸಿಟಿಯ ತೈಲ ಶುದ್ಧೀಕರಣಾಗಾರದಲ್ಲಿ ಅದಕ್ಕೆ ಐದು ವರ್ಷಗಳ ಹಿಂದೆಯಷ್ಟೇ, 2005ರ ಮಾರ್ಚ್ 23ರಂದು, ಸ್ಫೋಟವಾಗಿ 15 ಮಂದಿ ಮಡಿದಿದ್ದರು. ಜೇಮ್ಸ್ ಬೇಕರ್ ಅವರ ನೇತೃತ್ವದ ಸಮಿತಿ ಆ ಸಂಸ್ಥೆಯ ಶುದ್ಧೀಕರಣಾಗಾರಗಳನ್ನು ಪರಿಶೀಲಿಸಿ, ವ್ಯಕ್ತಿಗಳ ಗಾಯದ ಪ್ರಮಾಣ ಇಳಿಯುತ್ತಿರುವುದನ್ನೇ ಸಮಗ್ರ ಸುರಕ್ಷತೆಯ ಕುರುಹೆಂದು ಆಡಳಿತವು ತಪ್ಪಾಗಿ ಭಾವಿಸಿತ್ತೆಂದು ತೋರಿಸಿಕೊಟ್ಟಿತು. ಕಾರ್ಖಾನೆಯ ಹೆಬ್ಬಾಗಿಲಿನಲ್ಲಿ ‘ಅಪಘಾತವಿಲ್ಲದ ದಿನಗಳು’ ಎಂದು ಫಲಕವನ್ನು ಹಾಕಿ, ಸಂಖ್ಯೆ ಏರಿದಂತೆ ಇಡೀ ವಿಭಾಗಕ್ಕೆ ಬಹುಮಾನ ಹಂಚುವ ಪದ್ಧತಿಯ ಬಗ್ಗೆ ನನಗಿರುವ ಅಸಮ್ಮತಿಗೆ ಕಾರಣವೂ ಇದೇ. ಬೆರಳಿಗೆ ಪೆಟ್ಟಾದವನು ಹತ್ತು ಜನರ ಬಹುಮಾನ ತಪ್ಪೀತೆಂದು ಬಟ್ಟೆ ಸುತ್ತಿಕೊಂಡು ಕೆಲಸ ಮುಂದುವರಿಸುತ್ತಾನೆ. ಫಲಕದ ಮೇಲೆ ಮರುದಿನ ಮತ್ತೊಂದು ದಿನ ಸೇರುತ್ತದೆ. ಬಹುಮಾನ ಕೊಡಲೇಬೇಕೆಂದಿದ್ದರೆ, ಆ ತಿಂಗಳು ಅತ್ಯಂತ ಅಹಿತಕರವಾದ ಸುದ್ದಿಯನ್ನು ತಂದವನಿಗೆ ಕೊಡಲಿ.

ಸುದ್ದಿ ಮೇಲಕ್ಕೆ ಮಾತ್ರವಲ್ಲ, ಒಂದು ಪಾಳಿಯಿಂದ ಮತ್ತೊಂದಕ್ಕೂ ದಾಟಬೇಕು. 1988ರ ಜುಲೈ 6ರ ರಾತ್ರಿ ಉತ್ತರ ಸಮುದ್ರದ ‘ಪೈಪರ್ ಆಲ್ಫಾ’ ವೇದಿಕೆಯಲ್ಲಿ 167 ಮಂದಿ ಸತ್ತ ದುರಂತದ ಮೂಲ ಒಂದು ಪಂಪಿನದು. ಹಗಲು ಪಾಳಿಯವರು ಅದರ ಸುರಕ್ಷತಾ ಕವಾಟವನ್ನು ತಪಾಸಣೆಗೆಂದು ಬಿಚ್ಚಿ, ಆ ಜಾಗಕ್ಕೆ ಒಂದು ಲೋಹದ ಬಿಲ್ಲೆಯನ್ನು ತಾತ್ಕಾಲಿಕವಾಗಿ ಕೂಡಿಸಿದ್ದರು. ಕೆಲಸ ಮುಗಿದಿಲ್ಲವೆಂಬ ಸಂಗತಿ ರಾತ್ರಿ ಪಾಳಿಯವರ ಕಿವಿಗೆ ಬೀಳಲಿಲ್ಲ. ಇನ್ನೊಂದು ಪಂಪು ಕೈಕೊಟ್ಟಾಗ ಅವರು ಇದನ್ನು ನಡೆಸಿದರು, ಅನಿಲ ಸೋರಿತು, ಬೆಂಕಿ ಹತ್ತಿತು. ತನಿಖೆ ನಡೆಸಿದ ಲಾರ್ಡ್ ಕಲನ್ ಅವರ ವರದಿಯನ್ನು ಓದುವಾಗ ನನ್ನನ್ನು ಇದಕ್ಕಿಂತಲೂ ಹೆಚ್ಚು ಬಾಧಿಸಿದ ಅಂಶ ಬೇರೊಂದು. ಪೈಪರ್ ಉರಿಯುತ್ತಿದ್ದುದನ್ನು ಕಂಡರೂ, ಕೊಳವೆಗಳಿಂದ ಅದಕ್ಕೆ ಸೇರಿಕೊಂಡಿದ್ದ ಕ್ಲೇಮೋರ್ ಮತ್ತು ಟಾರ್ಟನ್ ವೇದಿಕೆಗಳು ತಮ್ಮ ಉತ್ಪಾದನೆಯನ್ನು ಒಡನೆಯೇ ನಿಲ್ಲಿಸಲಿಲ್ಲ. ನಿಲ್ಲಿಸುವ ಅಧಿಕಾರ ತಮ್ಮದೆಂಬ ಧೈರ್ಯ ಅಲ್ಲಿನ ಮುಖ್ಯಸ್ಥರಿಗೆ ಇರಲಿಲ್ಲ. ‘ಅಪಾಯ ಕಂಡರೆ ಕೆಲಸ ನಿಲ್ಲಿಸುವ ಹಕ್ಕು ಎಲ್ಲರಿಗೂ ಇದೆ’ ಎಂದು ಇಂದು ಎಲ್ಲ ದೊಡ್ಡ ಸಂಸ್ಥೆಗಳೂ ಬರೆಸಿಹಾಕುತ್ತವೆ. ಆ ಹಕ್ಕು ಕಾಗದದಿಂದ ಇಳಿದು ಬರುವುದು, ಅದನ್ನು ಮೊದಲ ಬಾರಿ ಚಲಾಯಿಸಿ ನಷ್ಟಮಾಡಿದವನಿಗೆ ಏನಾಯಿತೆಂಬುದನ್ನು ಉಳಿದವರು ನೋಡಿದ ಮೇಲೆ.

ದೂರದ ಸಮುದ್ರಗಳನ್ನು ಬಿಟ್ಟು ನಮ್ಮ ಕರಾವಳಿಗೆ ಬರೋಣ. 2022ರ ಏಪ್ರಿಲಿನಲ್ಲಿ ಮಂಗಳೂರಿನ ವಿಶೇಷ ಆರ್ಥಿಕ ವಲಯದ ಮೀನು ಸಂಸ್ಕರಣ ಘಟಕವೊಂದರ ತ್ಯಾಜ್ಯದ ತೊಟ್ಟಿಯಲ್ಲಿ ಒಬ್ಬನು ಕುಸಿದನು. ಅವನನ್ನು ಎತ್ತಲೆಂದು ಜತೆಗಾರರು ಒಬ್ಬರ ಹಿಂದೊಬ್ಬರು ಇಳಿದರು. ಐವರು ಪ್ರಾಣ ತೆತ್ತರು. ಎಲ್ಲರೂ ಪಶ್ಚಿಮ ಬಂಗಾಳದಿಂದ ದುಡಿಯಲು ಬಂದವರು. ಮುಚ್ಚಿದ ತೊಟ್ಟಿಗಳಲ್ಲಿಯೂ ಮ್ಯಾನ್‌ಹೋಲುಗಳಲ್ಲಿಯೂ ಸಾಯುವವರಲ್ಲಿ ಕಾಪಾಡಲು ಇಳಿದವರೂ ಬಹಳ ಮಂದಿಯೆಂಬುದು ಹೊಸ ವಿಷಯವಲ್ಲ. ಅಮೆರಿಕದ ಔದ್ಯೋಗಿಕ ಆರೋಗ್ಯ ಸಂಶೋಧನಾ ಸಂಸ್ಥೆಯೊಂದು 1986ರಲ್ಲಿಯೇ ಅಂತಹ ಸಾವುಗಳಲ್ಲಿ ನೂರಕ್ಕೆ 60ಕ್ಕೂ ಹೆಚ್ಚು ಪಾಲು ಇವರದೆಂದು ಎಚ್ಚರಿಸಿತ್ತು. ಕೊಳೆತ ಪದಾರ್ಥದಿಂದ ಹುಟ್ಟುವ ಹೈಡ್ರೋಜನ್ ಸಲ್ಫೈಡ್ ಗಾಳಿಗಿಂತ ಭಾರವಾದುದರಿಂದ ತಳದಲ್ಲಿ ನಿಲ್ಲುತ್ತದೆ. ಕಡಿಮೆ ಇದ್ದಾಗ ಕೊಳೆತ ಮೊಟ್ಟೆಯ ನಾತವನ್ನು ಬೀರುವ ಅದು, ಹತ್ತು ಲಕ್ಷಕ್ಕೆ ನೂರು ಭಾಗದಷ್ಟಾಯಿತೆಂದರೆ ಮೂಗಿನ ಗ್ರಹಣಶಕ್ತಿಯನ್ನೇ ಕುಂದಿಸಿಬಿಡುತ್ತದೆ; ನಾತ ಹೋಯಿತು, ಇನ್ನು ಇಳಿಯಬಹುದು ಎಂದು ಮನುಷ್ಯನು ಭ್ರಮಿಸುವ ಹೊತ್ತಿಗೆ ವಿಷ ಹೆಚ್ಚಿರಬಹುದು. ನಾವು ಉಸಿರಾಡುವ ಗಾಳಿಯಲ್ಲಿ ನೂರಕ್ಕೆ 21ರಷ್ಟಿರುವ ಆಮ್ಲಜನಕವು 19.5ಕ್ಕಿಂತ ಇಳಿದ ಸ್ಥಳಕ್ಕೆ ಹಾಗೆಯೇ ಹೋಗಬಾರದೆಂಬುದು ನಿಯಮ. ಆದರೆ ಅದರ ಇಳಿಕೆಯನ್ನು ತಿಳಿಸುವ ವಾಸನೆಯಾಗಲಿ ಬಣ್ಣವಾಗಲಿ ಇಲ್ಲ.

ಇಲ್ಲಿ ಮೇಲ್ವಿಚಾರಕನ ಒಂದು ‘ಇಳಿಯಬೇಡ’ ಎಂಬ ಮಾತಿಗೆ ಐದು ಜೀವಗಳ ಬೆಲೆಯಿದೆ. ಆದರೆ ಅದನ್ನು ಮೊದಲನೆಯವನು ಇಳಿಯುವ ಮೊದಲೇ ಹೇಳಿರಬೇಕು, ಗೆಳೆಯ ಕಣ್ಣೆದುರು ಬಿದ್ದಿರುವಾಗ ಅದನ್ನು ಯಾರೂ ಕೇಳಲಾರರು. 1948ರ ಕಾರ್ಖಾನೆಗಳ ಅಧಿನಿಯಮದ 36ನೆಯ ಪ್ರಕರಣವು ಇದನ್ನು ನಿಸ್ಸಂದಿಗ್ಧವಾಗಿ ಹೇಳಿತ್ತು: ತೊಟ್ಟಿಯೊಳಗಿನ ಅನಿಲವನ್ನು ಹೊರಹಾಕಲು ಸಾಧ್ಯವಾದುದನ್ನೆಲ್ಲ ಮಾಡಿದ ಮೇಲೆಯೂ, ಅರ್ಹನಾದವನು ತಾನೇ ಪರೀಕ್ಷಿಸಿ ಲಿಖಿತ ಪ್ರಮಾಣಪತ್ರ ಕೊಟ್ಟಿರಬೇಕು, ಇಲ್ಲವಾದರೆ ಇಳಿಯುವವನು ಉಸಿರಾಟದ ಸಾಧನವನ್ನು ಧರಿಸಿ, ಸೊಂಟದ ಪಟ್ಟಿಗೆ ಕಟ್ಟಿದ ಹಗ್ಗದ ಇನ್ನೊಂದು ತುದಿಯನ್ನು ಹೊರಗಿರುವವನ ಕೈಯಲ್ಲಿ ಹಿಡಿಸಿರಬೇಕು. ಹಗ್ಗದ ತುದಿಯನ್ನು ಹಿಡಿದು ನಿಂತವನಿದ್ದರೆ ಎರಡನೆಯವನು ಇಳಿಯುವ ಪ್ರಸಂಗವೇ ಬರುವುದಿಲ್ಲ.

ಭಾಷೆಯ ವಿಷಯವನ್ನು ಇಲ್ಲಿಯೇ ಹೇಳಿಬಿಡುವುದು ಉಚಿತ. ಇಂದು ಕರ್ನಾಟಕದ ಕಾರ್ಖಾನೆಗಳಲ್ಲಿಯೂ ಕಟ್ಟಡಗಳಲ್ಲಿಯೂ ಗುತ್ತಿಗೆದಾರನ ಮೂಲಕ ಬಂದ ಬಂಗಾಳಿ, ಒಡಿಯಾ, ಹಿಂದಿ ಭಾಷಿಕರು ಬಹುಸಂಖ್ಯೆಯಲ್ಲಿದ್ದಾರೆ. ಅವರಿಗೆ ಆಜ್ಞೆ ಕೊಡುವಷ್ಟು ಹಿಂದಿಯನ್ನು ನಮ್ಮ ಮೇಲ್ವಿಚಾರಕರು ಬೇಗ ಕಲಿಯುತ್ತಾರೆ. ಅವರ ಆತಂಕವನ್ನು ಕೇಳಿಸಿಕೊಳ್ಳುವಷ್ಟು ಭಾಷೆ ಮಾತ್ರ ಇಬ್ಬರ ನಡುವೆ ಬೆಳೆಯುವುದೇ ಇಲ್ಲ. ಗುತ್ತಿಗೆದಾರನ ಮೇಸ್ತ್ರಿಯ ಕೃಪೆಯಿಂದ ಊಟ, ವಸತಿ, ಕೂಲಿ ಎಲ್ಲವನ್ನೂ ಪಡೆಯುವವನು ಅವನನ್ನು ದಾಟಿ ಬಂದು ಸಾರುವೆ ಅಲ್ಲಾಡುತ್ತಿದೆ ಎಂದು ಹೇಳಲಿಕ್ಕೆ ಎಷ್ಟು ಎದೆಗಾರಿಕೆ ಬೇಕೆಂಬುದನ್ನು ಯೋಚಿಸಬೇಕು. ಆ ತಂಡದಲ್ಲಿ ಎರಡೂ ಭಾಷೆ ಬಲ್ಲ, ಮೇಸ್ತ್ರಿಯ ಹಂಗಿಲ್ಲದ ಒಬ್ಬನನ್ನು ಹುಡುಕಿಕೊಂಡು, ಪ್ರತಿದಿನ ಬೆಳಗ್ಗೆ ಕೆಲಸ ಹಂಚುವ ಮೊದಲು ಅವನೊಡನೆ ಎರಡು ಮಾತಾಡುವ ಮೇಲ್ವಿಚಾರಕನಿಗೆ ತಿಳಿಯುವ ಸಂಗತಿಗಳು ಯಾವ ತಪಾಸಣಾ ಪಟ್ಟಿಯಿಂದಲೂ ತಿಳಿಯಲಾರವು.

ಇಷ್ಟೆಲ್ಲವನ್ನೂ ಮೇಲ್ವಿಚಾರಕನೊಬ್ಬನ ಮೇಲೆಯೇ ಹೊರಿಸುವುದು ಅನ್ಯಾಯವಾದೀತು. ಅವನೂ ಒಬ್ಬನಿಗೆ ಲೆಕ್ಕ ಒಪ್ಪಿಸತಕ್ಕವನು. ಅವನ ಮ್ಯಾನೇಜರನು ಬೆಳಗಿನ ಸಭೆಯಲ್ಲಿ ಮೊದಲು ಯಾವ ಪ್ರಶ್ನೆಯನ್ನು ಕೇಳುತ್ತಾನೆಂಬುದರ ಮೇಲೆ ಅವನ ಇಡೀ ದಿನದ ಗಮನ ನಿಶ್ಚಯವಾಗುತ್ತದೆ. ಈ ಸತ್ಯವನ್ನು ಮನಗಂಡವನು ಪಾಲ್ ಓನೀಲ್. 1987ರಲ್ಲಿ ಅಮೆರಿಕದ ಅಲ್ಯೂಮಿನಿಯಂ ಕಂಪನಿಯಾದ ಆಲ್ಕೋವಾದ ಮುಖ್ಯಸ್ಥನಾದಾಗ, ಲಾಭದ ಮಾತನ್ನು ನಿರೀಕ್ಷಿಸಿ ಬಂದ ಹೂಡಿಕೆದಾರರ ಮುಂದೆ ಆತನು ಕಾರ್ಮಿಕರ ಸುರಕ್ಷತೆಯ ಮಾತನ್ನೇ ಎತ್ತಿದನು. ಕೆಲಕಾಲದಲ್ಲಿಯೇ ಅರಿಜೋನಾದ ಘಟಕದಲ್ಲಿ ಹೊಸದಾಗಿ ಸೇರಿದ್ದ ಯುವಕನೊಬ್ಬನು, ನಿಂತುಹೋದ ಯಂತ್ರದಲ್ಲಿ ಸಿಕ್ಕಿಕೊಂಡ ತುಂಡನ್ನು ತೆಗೆಯಲು ತಡೆಗೋಡೆಯನ್ನು ದಾಟಿಹೋಗಿ, ಯಂತ್ರ ಒಮ್ಮೆಲೆ ಚಲಿಸಿ, ಮೃತನಾದನು. ಮೇಲ್ವಿಚಾರಕರು ಅಲ್ಲಿಯೇ ಇದ್ದು ನೋಡುತ್ತಿದ್ದರು, ತಡೆದಿರಲಿಲ್ಲ. ಹುಡುಗನ ಆತುರವೆಂದು ಬರೆದು ಮುಗಿಸಬಹುದಾಗಿದ್ದ ಆ ಸಾವನ್ನು ಓನೀಲ್ ತನ್ನ ನಾಯಕತ್ವದ ವೈಫಲ್ಯವೆಂದು ಹಿರಿಯ ಅಧಿಕಾರಿಗಳೆಲ್ಲರ ಮುಂದೆ ಸಾರಿದನು. ಸುರಕ್ಷತೆಯ ಮಾತಿಗೆ ಮ್ಯಾನೇಜರುಗಳು ಕಿವಿಗೊಡದಿದ್ದರೆ ತನ್ನ ಮನೆಗೇ ಕರೆಮಾಡಬಹುದೆಂದು ದಿನಗೂಲಿಯವರಿಗೆ ದೂರವಾಣಿ ಸಂಖ್ಯೆಯನ್ನು ಕೊಟ್ಟನು.

ಇವೆಲ್ಲವೂ ಶ್ಲಾಘ್ಯವೇ, ಆದರೆ ಆತನ ನಿಜವಾದ ಪರೀಕ್ಷೆ ನಡೆದದ್ದು 1996ರಲ್ಲಿ. ಕ್ರೈಸ್ತ ಸನ್ಯಾಸಿನಿಯೊಬ್ಬರೂ ಕೆಲವು ಕಾರ್ಮಿಕರೂ ಷೇರುದಾರರ ಸಭೆಗೆ ಬಂದು, ಮೆಕ್ಸಿಕೋದ ಘಟಕದಲ್ಲಿ ಜನರು ಅನಿಲದಿಂದ ಅಸ್ವಸ್ಥರಾಗಿದ್ದಾರೆಂದು ದೂರಿದರು. ಮುಖ್ಯಸ್ಥನಿಗೆ ಅದು ಆವರೆಗೆ ತಿಳಿದಿರಲಿಲ್ಲ. ವಿಚಾರಿಸಲಾಗಿ, ಘಟನೆ ನಡೆದದ್ದು ನಿಜ, ಅದನ್ನು ಮೇಲಕ್ಕೆ ತಿಳಿಸದೆ ಇದ್ದದ್ದೂ ನಿಜ ಎಂದು ಗೊತ್ತಾಯಿತು. ಆ ವಿಭಾಗವನ್ನು ಲಾಭದಾಯಕವಾಗಿ ಬೆಳೆಸಿದ್ದ, ಎಲ್ಲರ ಮನ್ನಣೆಗೆ ಪಾತ್ರನಾಗಿದ್ದ ಹಿರಿಯ ಅಧಿಕಾರಿಯನ್ನು ಓನೀಲ್ ಕೆಲಸದಿಂದ ತೆಗೆದನು. ಅಪಘಾತವಾದದ್ದಕ್ಕಿಂತ ಅದನ್ನು ಹೇಳದೆ ಉಳಿದದ್ದು ದೊಡ್ಡ ಅಪರಾಧವೆಂದು ಇಷ್ಟು ಸ್ಪಷ್ಟವಾಗಿ ತಿಳಿಸಿದ ಇನ್ನೊಂದು ನಿರ್ಣಯವನ್ನು ನಾನು ಅರಿಯೆ. ಆತನು ಬಂದಾಗ ನೂರು ಜನಕ್ಕೆ ವರ್ಷಕ್ಕೆ ಸುಮಾರು 1.9ರಷ್ಟಿದ್ದ ಗಾಯದಿಂದ ಕೆಲಸ ತಪ್ಪುವ ಪ್ರಮಾಣ, ಆತನು ಹೋಗುವ ಹೊತ್ತಿಗೆ 0.2ರ ಸಮೀಪಕ್ಕೆ ಇಳಿದಿತ್ತು.

ನಮ್ಮ ಕಾನೂನೂ ಈ ತತ್ತ್ವವನ್ನು ಅರಿಯದೆ ಇಲ್ಲ. ಭೋಪಾಲದ ದುರಂತದ ತರುವಾಯ, 1987ರಲ್ಲಿ ಕಾರ್ಖಾನೆಗಳ ಅಧಿನಿಯಮಕ್ಕೆ ಸೇರಿಸಿದ ಪ್ರಕರಣಗಳು, ಸನ್ನಿಹಿತವಾದ ಅಪಾಯದ ಶಂಕೆಯುಂಟಾದಾಗ ಅದನ್ನು ಮ್ಯಾನೇಜರನಿಗೆ ನೇರವಾಗಿಯೋ ಸುರಕ್ಷತಾ ಸಮಿತಿಯ ಮೂಲಕವೋ ತಿಳಿಸುವ ಹಕ್ಕನ್ನು ಅಪಾಯಕರ ಪ್ರಕ್ರಿಯೆಗಳಲ್ಲಿ ದುಡಿಯುವವರಿಗೆ ಕೊಟ್ಟವು. ಒಡನೆಯೇ ಕ್ರಮ ಕೈಗೊಂಡು ಇನ್‌ಸ್ಪೆಕ್ಟರನಿಗೆ ವರದಿ ಕಳುಹಿಸುವ ಕರ್ತವ್ಯವನ್ನು ಮ್ಯಾನೇಜರನಿಗೆ ವಿಧಿಸಿದವು. ಸಮಿತಿಯಲ್ಲಿ ಆಡಳಿತದವರೂ ಕಾರ್ಮಿಕರೂ ಸಮಸಂಖ್ಯೆಯಲ್ಲಿರಬೇಕೆಂದವು. 2020ರ ಔದ್ಯೋಗಿಕ ಸುರಕ್ಷತೆಯ ಸಂಹಿತೆಯಲ್ಲಿಯೂ ಕಾರ್ಮಿಕನ ಈ ಹಕ್ಕು ಉಳಿದುಬಂದಿದೆ. ಸಮಿತಿಗಳ ನಡವಳಿಯ ಪುಸ್ತಕಗಳನ್ನು ತಿರುವಿಹಾಕಿದರೆ ಮಾತ್ರ ಕುಡಿಯುವ ನೀರು, ಕ್ಯಾಂಟೀನು, ಶೂಗಳ ಅಳತೆ ಇವುಗಳೇ ಹೆಚ್ಚಾಗಿ ಕಾಣುತ್ತವೆ. ಅವೂ ಬೇಕಾದವುಗಳೇ. ಆದರೆ ಯಾವ ಕಾರ್ಮಿಕನು ಯಾವ ಯಂತ್ರದ ಬಗ್ಗೆ ಏನೆಂದನು, ಯಾರು ಎಂದು ಹೋಗಿ ನೋಡಿದರು, ಏನು ಮಾಡಿದರು ಎಂಬ ಸಾಲುಗಳು ಅಲ್ಲಿರಬೇಕು. ಏನೂ ಮಾಡಬೇಕಾಗಿರಲಿಲ್ಲವೆಂದಾದರೆ ಅದರ ಕಾರಣವನ್ನು ಹೇಳಿದವನಿಗೆ ತಿಳಿಸಿದ ದಿನಾಂಕವೂ ಇರಬೇಕು.

ಕೊನೆಯದಾಗಿ, ಇತ್ತೀಚೆಗೆ ಬಂದ ಒಂದು ಪತ್ರಕ್ಕೆ ಉತ್ತರ ಬಾಕಿಯಿದೆ. ಬಹುಮಹಡಿ ಕಟ್ಟಡದ ಕಾಮಗಾರಿಯಲ್ಲಿ ಸೈಟ್ ಸೂಪರ್‌ವೈಸರ್ ಆಗಿರುವ ಓದುಗರೊಬ್ಬರು, ಗಾಳಿ ಜೋರಾಯಿತೆಂದು ಕ್ರೇನಿನ ಕೆಲಸವನ್ನು ನಿಲ್ಲಿಸಿದ್ದಕ್ಕಾಗಿ ಪ್ರಾಜೆಕ್ಟ್ ಮ್ಯಾನೇಜರರಿಂದ ಬೈಸಿಕೊಂಡು, ಮುಂದೆ ಹೇಗೆ ನಡೆದುಕೊಳ್ಳಬೇಕೆಂದು ಕೇಳಿದ್ದಾರೆ. ನನ್ನ ಉತ್ತರ ಅವರಿಗಲ್ಲ, ಅವರ ಮ್ಯಾನೇಜರರಿಗೆ. ಅವರು ನಾಳೆ ಬೆಳಗ್ಗೆ ಎಲ್ಲರೂ ಸೇರಿರುವಾಗ, ನಿಲ್ಲಿಸಿದ್ದು ಸರಿಯಾಗಿತ್ತೆಂದು ತಾವೇ ಹೇಳಲಿ. ನಿಂತ ಗಂಟೆಗಳನ್ನು ಸೂಪರ್‌ವೈಸರನ ಲೆಕ್ಕಕ್ಕೆ ಹಾಕದೆ ಕಾಮಗಾರಿಯ ವೇಳಾಪಟ್ಟಿಯಲ್ಲಿ ಸೇರಿಸಿಕೊಳ್ಳಲಿ. ಕ್ರೇನಿನ ಮೇಲೆ ಗಾಳಿಯ ವೇಗವನ್ನು ಅಳೆಯುವ ಮಾಪಕವಿಲ್ಲದಿದ್ದರೆ ಹಾಕಿಸಿ, ಇದ್ದರೆ ಅದು ಕೆಲಸ ಮಾಡುತ್ತಿದೆಯೋ ನೋಡಿಸಿ, ಯಾವ ವೇಗದಲ್ಲಿ ನಿಲ್ಲಿಸಬೇಕೆಂಬುದನ್ನು ತಯಾರಕರ ಕೈಪಿಡಿಯಿಂದ ತೆಗೆದು ಗೊತ್ತುಮಾಡಲಿ. ಇನ್ನು ಮುಂದೆ ಆ ನಿರ್ಣಯ ಒಬ್ಬನ ಧೈರ್ಯದ ಮೇಲೆ ನಿಲ್ಲಬೇಕಾದ ಅಗತ್ಯವಿರುವುದಿಲ್ಲ. ಆ ಅಂಕಿಯನ್ನು ಮೇಲೆ ಕ್ಯಾಬಿನ್ನಿನಲ್ಲಿ ಕುಳಿತ ಆಪರೇಟರನ ಎದುರಿಗೂ ಕೆಳಗೆ ನಿಂತು ಸಿಗ್ನಲ್ ಕೊಡುವವನ ಬಳಿಯೂ ಅವರವರು ಓದಬಲ್ಲ ಭಾಷೆಯಲ್ಲಿ ಬರೆಸಿ ಹಾಕಿಸಲಿ.